ಏಳನೆಯ ಕಣ್ಣು

ತಾನು ಯಾವುದೋ ಒಂದು ಅಪರೂಪದ ಕೆಲಸಕ್ಕಾಗಿಯೇ ಹುಟ್ಟಿದವನು ಎಂಬ ವಿಷಯದಲ್ಲಿ ಹರಿಪ್ರಸಾದನಿಗೆ ಮೂವತ್ತನಾಲ್ಕು ವರ್ಷವಾದರೂ ಅನುಮಾನ ಬಂದಿರಲಿಲ್ಲ. ಆ ಕೆಲಸ ಯಾವುದು ಎಂಬುದು ಮಾತ್ರ ತಿಳಿದಿರಲಿಲ್ಲ. ಬಹುಶಃ ಚಿತ್ರಕಲೆ ಇರಬೇಕು ಎಂದು ಅವನ ಅಂದಾಜು. ಆ ಅಂದಾಜನ್ನು ಒಪ್ಪುವವರು ಜಗತ್ತಿನಲ್ಲಿ ಇಬ್ಬರಿದ್ದರು. ಒಬ್ಬರು ಬ್ರಹ್ಮಾವರದ ಕಡೆ ಇದ್ದ ಅವನ ತಾಯಿ. ಇನ್ನೊಬ್ಬ ಅವನೇ.

ಅಹಮದಾಬಾದಿಗೆ ಅವನು ಬಂದದ್ದು ಸೋದರಮಾವ ದಾಮೋದರ ರಾಯರ ಹೋಟೆಲಿಗೆ. ಮಾವ ಅವನನ್ನು ದೋಸೆಕಲ್ಲಿನ ಮುಂದೆ ನಿಲ್ಲಿಸಿದರು. ಹರಿಪ್ರಸಾದ ದೋಸೆ ಹೊಯ್ದು, ಅದು ಬಿಳಿಯಿಂದ ಹಳದಿಗೆ, ಹಳದಿಯಿಂದ ಜೇನು ಬಣ್ಣಕ್ಕೆ, ಅಲ್ಲಿಂದ ಕಂದಿಗೆ ತಿರುಗುವುದನ್ನು ಮೈಮರೆತು ನೋಡುತ್ತಿದ್ದ. ಕಂದು ಕಪ್ಪಾಗುವುದನ್ನೂ ಅಷ್ಟೇ ಆಸಕ್ತಿಯಿಂದ ನೋಡುತ್ತಿದ್ದ. ಹದಿನೈದು ದಿನ ತಾಳಿದ ಮಾವ ಒಂದು ಬೆಳಿಗ್ಗೆ, "ನೀನು ದೋಸೆ ಮಾಡ್ಲಿಕ್ಕೆ ನಿಂತದ್ದಾ, ನೋಡ್ಲಿಕ್ಕೆ ನಿಂತದ್ದಾ ಮಾರಾಯ?" ಎಂದು ಕೇಳಿ, ಕೈಯಿಂದ ಸಟ್ಟುಗ ಇಸಕೊಂಡರು.

ದಿನಾ ಇಡ್ಲಿ ತಿನ್ನಲು ಬರುತ್ತಿದ್ದ ಒಬ್ಬ ಗಿರಾಕಿಯನ್ನು ಹಿಡಿದು ಮಾವನೇ ಅವನಿಗೆ ಅದೇ ಊರಿನ ನರೋಡಾದ ಒಂದು ಬಣ್ಣದ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ ಕೊಡಿಸಿದರು. ಬಟ್ಟೆ ಗಿರಣಿಯವರು ಅಂಗೈಯಗಲದ ಒಂದು ತುಂಡು ಬಟ್ಟೆ ಕಳಿಸುತ್ತಾರೆ. ಯಾವ ಯಾವ ಬಣ್ಣ ಎಷ್ಟೆಷ್ಟು ಬೆರೆಸಿದರೆ ಅದೇ ಬಣ್ಣ ಬರುತ್ತದೆ ಎಂದು ಹರಿಪ್ರಸಾದ ಕಂಡುಹಿಡಿಯಬೇಕು. ಅದರಲ್ಲಿ ಅವನದು ಎತ್ತಿದ ಕೈ. ಆದರೆ ಅವನಿಗೆ ಆ ಕೆಲಸದ ಮೇಲೆ ಗೌರವವಿರಲಿಲ್ಲ. ಕಲಾವಿದನೊಬ್ಬ ಕಾಲ ಕೂಡಿ ಬರುವವರೆಗೆ ಹೊಟ್ಟೆಪಾಡಿಗೆ ಮಾಡುವ ಚಾಕರಿ ಎಂದು ಅದನ್ನು ಹನ್ನೊಂದು ವರ್ಷ ಮಾಡಿದ. ಬೆಳಕು ಚೆನ್ನಾಗಿದೆ ಎಂಬ ಕಾರಣಕ್ಕೆ ಊರಿನ ಇನ್ನೊಂದು ತುದಿಯ ಬೋಪಾಲ್ ಎಂಬ ಬಡಾವಣೆಯಲ್ಲಿ ಕೋಣೆ ಹಿಡಿದಿದ್ದ. ಬೆಳಕಿರುವಾಗಲೆಲ್ಲ ಅವನು ನರೋಡಾದಲ್ಲಿಯೋ ಸ್ಕೂಟರಿನ ಮೇಲೆಯೋ ಇರುತ್ತಿದ್ದ ಎಂಬುದು ಅವನ ಲೆಕ್ಕಕ್ಕೆ ಬಂದದ್ದು ಮುಂಗಡ ಕೊಟ್ಟಾದ ಮೇಲೆ.

ವಡೋದರಾದ ಚಿತ್ರಕಲಾ ಕಾಲೇಜಿನ ಪ್ರವೇಶ ಪರೀಕ್ಷೆಗೆ ಮೂರು ಸಲ ಕೂತಿದ್ದ. ಮೂರನೆಯ ಸಲ ಪರೀಕ್ಷಕರು ಹತ್ತಿರ ಕರೆದು, ನಿನ್ನ ಕೈ ಬಹಳ ಚೆನ್ನಾಗಿದೆ, ಆದರೆ ನೀನು ಎದುರಿಗಿದ್ದದ್ದನ್ನು ಇದ್ದಹಾಗೇ ಇಳಿಸುತ್ತೀಯ, ನಿನ್ನದು ಅನ್ನುವಂಥದ್ದು ಇದರಲ್ಲಿ ಏನೂ ಇಲ್ಲವಲ್ಲ ಎಂದರು. ಹರಿಪ್ರಸಾದ ಊರಿಗೆ ಫೋನು ಮಾಡಿ ತಾಯಿಗೆ ಅದರ ಮೊದಲ ನಾಲ್ಕು ಪದ ಮಾತ್ರ ಹೇಳಿದ.

ಇಷ್ಟಾದರೂ ಅವನು ಎದೆಗುಂದಲಿಲ್ಲ. ಬೆಳಿಗ್ಗೆ ಸ್ಕೂಟರು ಹತ್ತುವ ಮೊದಲು ಗೋಡೆಯ ಗಣಪತಿ ಪಟದ ಮುಂದೆ ನಿಂತು, ನನ್ನನ್ನು ಯಾಕೆ ಹುಟ್ಟಿಸಿದೆ ಎಂಬುದನ್ನು ಈ ವರ್ಷವಾದರೂ ತಿಳಿಸು, ಇನ್ನೊಂದು ವರ್ಷ ಕಾಯುತ್ತೇನೆ ಎನ್ನುತ್ತಿದ್ದ. ಧ್ವನಿಯಲ್ಲಿ ಸ್ವಲ್ಪ ಬೆದರಿಕೆಯೂ ಇರುತ್ತಿತ್ತು. ಹನ್ನೊಂದು ವರ್ಷ ಅದೇ ಬೆದರಿಕೆ ಕೇಳಿ ಗಣಪತಿಗೂ ರೂಢಿಯಾಗಿರಬೇಕು.

ಎರಡು ಸಾವಿರದ ಎರಡರ ಕೊನೆಯಲ್ಲಿ ವಡೋದರಾದ ಕನ್ನಡಿಗರ ಸಂಘದ ವಾರ್ಷಿಕೋತ್ಸವದಂದು ಅವನಿಗೊಂದು ಚಿತ್ರಪ್ರದರ್ಶನ ಇಡಲು ಅವಕಾಶ ಸಿಕ್ಕಿತು. ಜಾಗ ಊಟದ ಹಾಲಿನ ಪಕ್ಕದ ಕೋಣೆ. ಕೈತೊಳೆಯಲು ಹೋಗುವವರೆಲ್ಲ ಅದರ ಮೂಲಕವೇ ಹೋಗಬೇಕಾದ್ದರಿಂದ ಜನ ಬಹಳ ಬಂದರು. ಹದಿನಾಲ್ಕು ಚಿತ್ರಗಳಲ್ಲಿ ಒಂದು ಮಾರಾಟವಾಯಿತು. ಕೊಂಡವರು ಕಮಲಾ ಅತ್ತೆ, ಅಂದರೆ ದಾಮೋದರ ರಾಯರ ಹೆಂಡತಿ. ಅಡುಗೆಮನೆಯ ಗೋಡೆಯಲ್ಲಿ ತೇವದ ಕಲೆ ಬಿದ್ದ ಜಾಗಕ್ಕೆ ಸರಿಯಾಗಿ ಹೊಂದುವ ಅಳತೆಯದು ಅದೊಂದೇ ಇತ್ತಂತೆ.

ಅಂದು ಒಬ್ಬರು ಮಾತ್ರ ಒಂದು ಚಿತ್ರದ ಮುಂದೆ ನಿಜವಾಗಿ ನಿಂತರು. ಐವತ್ತರ ಆಸುಪಾಸಿನ, ಧಾರವಾಡದ ಕಡೆಯ ಹೆಂಗಸು, ಹೆಸರು ಮಂದಾಕಿನಿ. ಹಸುವಿನ ಚಿತ್ರವದು. ಹರಿಪ್ರಸಾದ ಆತುರದಿಂದ ಹತ್ತಿರ ಹೋಗಿ, ಹಸು ಇಲ್ಲಿ ತಾಯ್ನೆಲದ ಸಂಕೇತ ಎಂದು ಶುರುಮಾಡಿದ. ಅವರು ಕೈಯೆತ್ತಿ ತಡೆದರು.

"ಚಿತ್ರ ಹೆಂಗದ ಅಂತ ನನಗ ತಿಳಿಯೂದಿಲ್ರೀ. ಈ ಆಕಳ ಕಣ್ಣು ಮಾತ್ರ ಹಸಿ ಇದ್ದಂಗ ಕಾಣ್ತದ. ಈ ಕಂದು ಬಣ್ಣಕ್ಕ ಏನೇನು ಹಾಕೀರಿ?"

ಮಂದಾಕಿನಿ ಅಲ್ಲಿನ ಒಂದು ಕಣ್ಣಾಸ್ಪತ್ರೆಯಲ್ಲಿ ಕೃತಕ ಕಣ್ಣು ಕೂರಿಸುವ ಕೆಲಸದಲ್ಲಿದ್ದರು. ಕಣ್ಣು ಕಳೆದುಕೊಂಡವರಿಗೆ ಹಾಕುವ, ಅಂಗಿಯ ಗುಂಡಿಗಿಂತ ಸ್ವಲ್ಪ ದೊಡ್ಡದಾದ ಚಿಪ್ಪಿನಂಥ ಪ್ಲಾಸ್ಟಿಕ್ ಕಣ್ಣುಗಳವು. ರೆಡಿಮೇಡ್ ಡಬ್ಬಿಯಲ್ಲಿ ಬರುತ್ತಿದ್ದವು. ಕಪ್ಪು, ಕಂದು, ತಿಳಿಗಂದು, ಮೂರೇ ಬಣ್ಣ. ಒಬ್ಬೊಬ್ಬರ ಕಣ್ಣಿನ ಗುಳಿಯ ಅಚ್ಚು ತೆಗೆದು, ಇನ್ನೊಂದು ಕಣ್ಣಿಗೆ ಹೊಂದುವಂತೆ ಬರೆದು ಮಾಡುವುದನ್ನು ಅವರು ಕಲಿತು ಬಂದಿದ್ದರು. ಅಚ್ಚು ಅವರಿಗೆ ಬರುತ್ತಿತ್ತು, ಬಣ್ಣ ಬರುತ್ತಿರಲಿಲ್ಲ. ಬೋರ್ಡು ಬರೆಯುವ ಇಬ್ಬರನ್ನು ಕರೆಸಿ ನೋಡಿದ್ದರು. ಇಬ್ಬರೂ ವಾರದಲ್ಲಿ ಓಡಿಹೋಗಿದ್ದರು. ಭಾನುವಾರಗಳಂದು ಬಂದು ಕಣ್ಣು ಬರೆದುಕೊಡುತ್ತೀರಾ ಎಂದು ಅವನನ್ನು ಕೇಳಿದರು.

ಹರಿಪ್ರಸಾದನಿಗೆ ಅವಮಾನವಾಯಿತು. ಯೋಚಿಸಿ ಹೇಳುತ್ತೇನೆ ಎಂದ. ಮಾರನೆಯ ದಿನವೇ ಒಪ್ಪಿಕೊಳ್ಳುವ ಮನಸ್ಸಾಗಿತ್ತು, ಯಾಕೆಂದರೆ ಅವನ ಬಣ್ಣವನ್ನು ಬೇಕೆಂದು ಕೇಳಿದವರು ಅವರೊಬ್ಬರೇ. ಆದರೂ ಕಲೆಯ ಮರ್ಯಾದೆಗೆಂದು ಮೂರು ವಾರ ಬಿಟ್ಟು ಹೋದ.

ಮೊದಲ ಕಣ್ಣು ಸೂರತ್ತಿನ ಕೃಪಾಳದು. ಆಸ್ಪತ್ರೆಯವರು ತಿಂಗಳಿಗೊಮ್ಮೆ ಅಲ್ಲಿ ನಡೆಸುವ ಶಿಬಿರದಲ್ಲಿ ಮಂದಾಕಿನಿ ಅವನಿಗೆ ಅವಳನ್ನು ತೋರಿಸಿದರು. ಇಪ್ಪತ್ತಾರು ವರ್ಷದ ಹುಡುಗಿ. ಚಿಕ್ಕವಳಿದ್ದಾಗ ಪಟಾಕಿಯಿಂದ ಎಡಗಣ್ಣು ಹೋಗಿತ್ತು. ಸೂರತ್ತಿನದೇ ವರಾಛಾದ ಒಂದು ಕಾರ್ಖಾನೆಯಲ್ಲಿ ಪಾಲಿಶ್ ಆದ ವಜ್ರಗಳನ್ನು ಬಣ್ಣ ಮತ್ತು ದೋಷ ನೋಡಿ ವಿಂಗಡಿಸುವುದು ಅವಳ ಕೆಲಸ. ಉಳಿದ ಒಂದೇ ಕಣ್ಣಿನಲ್ಲಿ ಅಲ್ಲಿಯವರೆಲ್ಲರಿಗಿಂತ ಚೆನ್ನಾಗಿ ನೋಡುತ್ತಿದ್ದಳು. ಆದರೆ ಡಬ್ಬಿಯ ಕಂದು ಕಣ್ಣು ಅವಳ ಮುಖದಲ್ಲಿ ಯಾರನ್ನೋ ದುರುಗುಟ್ಟಿ ನೋಡುವಂತೆ ಕೂತಿತ್ತು. ಬರುವ ವ್ಯಾಪಾರಿಗಳಿಗೆ ಕಸಿವಿಸಿಯಾಗುತ್ತದೆಂದು ಮಾಲೀಕ ಶೇಠ್ ಅವಳನ್ನು ಗೋಡೆಗೆ ಮುಖ ಮಾಡಿ ಕೂರಿಸಿದ್ದ. ಮದುವೆ ಗಿದುವೆ ಆಮೇಲಿನ ಮಾತು, ನನಗೆ ಬಾಗಿಲ ಕಡೆ ತಿರುಗಿ ಕೂರಬೇಕು, ಅಷ್ಟೇ ಎಂದಳು.

ಹರಿಪ್ರಸಾದ ನಾಲ್ಕು ಭಾನುವಾರ ಕೂತು ಮೊದಲ ಕಣ್ಣು ಬರೆದ. ತನಗೆ ಗೊತ್ತಿದ್ದದ್ದನ್ನೆಲ್ಲ ಅದರೊಳಗೆ ತುಂಬಿದ. ಆಳ, ಕಾಂತಿ, ಬಾಳಿನ ವಿಷಾದ, ಎಲ್ಲವೂ ಇತ್ತು. ಕೃಪಾ ಅದನ್ನು ಬಿಳಿ ಕಾಗದದ ಮೇಲಿಟ್ಟು, ವಜ್ರ ನೋಡುವ ತನ್ನ ಭೂತಗನ್ನಡಿ ತೆಗೆದು ತುಂಬ ಹೊತ್ತು ನೋಡಿದಳು. ಆಮೇಲೆ ಹಿಂದಿಯಲ್ಲಿ ಹೇಳಿದಳು: "ಹರಿಭಾಯ್, ಇದರೊಳಗೆ ಯಾರೋ ಅಳುತ್ತಿದ್ದಾರೆ. ನಾನು ಅಳುತ್ತಿಲ್ಲ."

ಆ ಪರೀಕ್ಷಕರನ್ನು ಬಿಟ್ಟರೆ, ಹನ್ನೊಂದು ವರ್ಷದಲ್ಲಿ ಅವನ ಕಲೆಗೆ ಬಂದ ಮೊದಲ ವಿಮರ್ಶೆಯದು.

ಎರಡನೆಯ ಕಣ್ಣು ಬರೆದಾಗ ಸರಿಯಾಗಿತ್ತು. ಮೇಲೆ ಗಾಜಿನಂಥ ತಿಳಿ ಪದರ ಕೂರಿಸಿದ ಮೇಲೆ ಕೆಸರಿನಂತಾಯಿತು. ಮೂರನೆಯದು ವಡೋದರಾದ ಕಿಟಕಿಯ ಬೆಳಕಿನಲ್ಲಿ ಅವಳ ಬಲಗಣ್ಣಿನ ಅವಳಿಯಂತಿತ್ತು, ಸೂರತ್ತಿನ ಟ್ಯೂಬ್‌ಲೈಟಿನಡಿ ಹಸಿರಾಯಿತು. ನಾಲ್ಕನೆಯದರಲ್ಲಿ ಪಾಪೆಯ ಸುತ್ತಿನ ಬಣ್ಣವೆಲ್ಲ ಒಪ್ಪಿಗೆಯಾಗಿ, ತಕರಾರು ಬಿಳಿಯ ಮೇಲೆ ಬಂತು. ಬಿಳಿಯಲ್ಲಿ ಎಂಥ ತಕರಾರು ಎಂದು ಹರಿಪ್ರಸಾದ ಸ್ವಲ್ಪ ಗಡಸಾಗಿಯೇ ಕೇಳಿದ. ಅವಳು ಪುಟ್ಟ ಪೊಟ್ಟಣ ಬಿಚ್ಚಿ ಒಂಬತ್ತು ವಜ್ರ ಸಾಲಾಗಿಟ್ಟಳು. ಅವನಿಗೆ ಎಲ್ಲವೂ ಬಿಳಿ. ಅವಳಿಗೆ ಒಂಬತ್ತೂ ಬೇರೆ. ತಗ್ಗಿದ ಧ್ವನಿಯಲ್ಲಿ ತೋರಿಸುತ್ತ ಹೋದಳು. ಇದರಲ್ಲಿ ಹಳದಿ ಇದೆ, ಇದರಲ್ಲಿ ಹೊಗೆ ಇದೆ, ಇದರಲ್ಲಿ ಹಾಲು ಇದೆ. ಮಧ್ಯಾಹ್ನದ ಹೊತ್ತಿಗೆ ಅವನಿಗೂ ನಾಲ್ಕು ಬೇರೆಯಾಗಿ ಕಂಡವು. ಬಣ್ಣದ ಪಂಡಿತನೆಂದು ತಿಳಿದುಕೊಂಡಿದ್ದವನು ವರಾಛಾದ ಒಂದು ಚಾಪೆಯ ಮೇಲೆ ಕೂತು ಬಿಳಿ ಬಣ್ಣ ಕಲಿತ.

ಐದನೆಯದು, ಪದರ ಗಟ್ಟಿಯಾಗಲೆಂದು ಬೇಯಿಸುವಾಗ ಬಿರುಕು ಬಿಟ್ಟಿತು. ಅಂದು ವಾಪಸು ಬರುವ ರೈಲಿನಲ್ಲಿ ಹರಿಪ್ರಸಾದ, ಸಾಕು, ದೋಸೆಯಿಂದ ಹಿಡಿದು ಕಣ್ಣಿನವರೆಗೆ ಮುಟ್ಟಿದ್ದೆಲ್ಲ ಸುಟ್ಟಿದ್ದೇನೆ, ಇನ್ನು ತೆಪ್ಪಗೆ ನರೋಡಾದಲ್ಲಿ ಬಟ್ಟೆ ತುಂಡು ನೋಡಿಕೊಂಡಿರುವುದು ಎಂದು ತೀರ್ಮಾನಿಸಿದ. ಬೆಳಿಗ್ಗೆ ಗಣಪತಿಯ ಮುಂದೆ ಇದನ್ನು ಹೇಳಿಕೊಳ್ಳಲು ನಿಂತಾಗ ಅವನಿಗೆ ಒಂದು ವಿಷಯ ಹೊಳೆಯಿತು. ಮೂರು ತಿಂಗಳಿಂದ ಅವನು ತನ್ನ ಹುಟ್ಟಿನ ಉದ್ದೇಶದ ಬಗ್ಗೆ ದೂರು ಕೊಟ್ಟಿರಲೇ ಇಲ್ಲ. ಪಟದ ಮುಂದೆ ನಿಂತು ಏನು ಬೇಡುತ್ತಿದ್ದೆ ಎಂದು ನೆನೆಸಿಕೊಂಡರೆ, ಟ್ಯೂಬ್‌ಲೈಟಿನಲ್ಲಿ ಹಸಿರಾಗದಿರಲಿ, ಅಂಚು ಅವಳ ರೆಪ್ಪೆಗೆ ಒತ್ತದಿರಲಿ, ಇಂಥವೇ. ಅವನು ತುಸು ನಾಚಿ, ಕೈಮುಗಿದು, ಆಯ್ತು ಇನ್ನೊಂದು ನೋಡುವಾ ಎಂದು ಹೊರಟ.

ಕಾರ್ಖಾನೆಯ ಲ್ಯಾಬಿನಲ್ಲಿ ಅಂದೇ ಅವನಿಗೆ ತನ್ನ ದಡ್ಡತನ ಕಾಣಿಸಿತು. ಬಟ್ಟೆಯ ಬಣ್ಣವೂ ಹೀಗೇ. ಬಿಸಿಲಿನಲ್ಲಿ ಒಂದಾಗಿ ಕಂಡದ್ದು ಟ್ಯೂಬ್‌ಲೈಟಿನಲ್ಲಿ ಬೇರೆಯಾಗುತ್ತದೆ, ಒದ್ದೆಯಿದ್ದಾಗ ಒಂದು, ಒಣಗಿದಾಗ ಇನ್ನೊಂದು. ಅದಕ್ಕೆಂದೇ ಅವನು ದಿನಾ ಮೂರು ಬೆಳಕಿನಲ್ಲಿ ತುಂಡು ಹಿಡಿದು ನೋಡುತ್ತಿದ್ದ. ಹನ್ನೊಂದು ವರ್ಷ ಸಂಬಳಕ್ಕೆ ಮಾಡಿದ್ದನ್ನು, ಇದು ಕಲೆಯಲ್ಲವಲ್ಲ ಎಂದು ಕಣ್ಣಿನ ವಿಷಯದಲ್ಲಿ ಅವನು ಬಳಸಿಯೇ ಇರಲಿಲ್ಲ. ಆಮೇಲೆ ರಜೆ ಹಾಕಿ ಸೂರತ್ತಿಗೆ ಹೋಗಿ, ಶೇಠನನ್ನು ಕೇಳಿಕೊಂಡು, ಊಟದ ಬಿಡುವಿನಲ್ಲಿ ಕೃಪಾಳ ಎದುರಿಗೇ ಕೂತು ಬಣ್ಣ ಬೆರೆಸಿದ. ಮೊದಲು ಟ್ಯೂಬ್‌ಲೈಟಿನಡಿ, ಆಮೇಲೆ ಬಾಗಿಲ ಬಿಸಿಲಿನಲ್ಲಿ. ಪ್ರತಿ ಬಣ್ಣದ ಮೇಲೂ ಒಂದು ಹನಿ ನೀರು ಬಿಟ್ಟು ಒದ್ದೆಯಾದರೆ ಹೇಗೆ ಕಾಣುತ್ತದೆಂದು ನೋಡಿ ಬರೆದುಕೊಂಡ. ಬಿಳಿಯಲ್ಲಿ ಹಳದಿಯನ್ನೂ ಹೊಗೆಯನ್ನೂ ಹಾಕಿದ. ಕೆಂಪು ರೇಷ್ಮೆ ದಾರದ ಎಳೆ ಬಿಡಿಸಿ ರಕ್ತನಾಳಗಳನ್ನು ಕೂರಿಸಿದ.

ಆರನೆಯ ಕಣ್ಣನ್ನು ಕೃಪಾ ಬಹಳ ಹೊತ್ತು ನೋಡಿದಳು. ಮಂದಾಕಿನಿ ಪಕ್ಕದಲ್ಲಿ ನಿಂತಿದ್ದರು. ಕೊನೆಗೆ ಅವಳು ಭೂತಗನ್ನಡಿ ಅವರ ಕಡೆಗೆ ಚಾಚಿ, ಕಂದಿನ ಅಂಚಿನಲ್ಲಿ, ಗಡಿಯಾರದ ಏಳು ಗಂಟೆಯ ಜಾಗದಲ್ಲಿ ಏನೋ ಕಸ ಸೇರಿದೆ, ನೋಡಿ ಎಂದಳು.

ಮಂದಾಕಿನಿ ನೋಡಿದರು. ಭೂತಗನ್ನಡಿ ಕೆಳಗಿಟ್ಟು ಹರಿಪ್ರಸಾದನನ್ನು ನೋಡಿದರು.

"ಕಸ ಅಲ್ಲ ಅದು. 'ಹ' ಅಂತ ಬರದದ. ಇವರು ಸಹಿ ಮಾಡ್ಯಾರ."

ಬರಿಗಣ್ಣಿಗೆ ಕಾಣದಷ್ಟು ಚಿಕ್ಕದಾಗಿ ಬರೆದಿದ್ದ. ಯಾರಿಗೆ ಗೊತ್ತಾದೀತು ಎಂದುಕೊಂಡಿದ್ದ. ದಿನಕ್ಕೆ ಸಾವಿರ ಕಲ್ಲಿನಲ್ಲಿ ಕೂದಲೆಳೆಯಷ್ಟು ದೋಷ ಹುಡುಕುವವಳ ಕಣ್ಣಿಗೇ ಅದನ್ನು ಹಾಕಲು ಹೊರಟಿದ್ದೇನೆಂಬುದು ತಲೆಗೆ ಹೋಗಿರಲಿಲ್ಲ. ಕೃಪಾ ನಗುತ್ತಾಳೆಂದುಕೊಂಡ, ನಗಲಿಲ್ಲ. ತೆಗೆಯಲು ಆಗುತ್ತದಾ ಎಂದು ಮಾತ್ರ ಕೇಳಿದಳು. ತೆಗೆಯಲು ಆಗುತ್ತಿರಲಿಲ್ಲ. ಪದರದ ಕೆಳಗೆ ಶಾಶ್ವತವಾಗಿ ಕೂತಿತ್ತು.

ಏಳನೆಯದನ್ನು ಅವನು ಹನ್ನೆರಡು ದಿನದಲ್ಲಿ ಮುಗಿಸಿದ. ಅದರಲ್ಲಿ ಅವಳ ಬಲಗಣ್ಣಿನಲ್ಲಿ ಇದ್ದದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಭಾನುವಾರ ಮಂದಾಕಿನಿ ಅದನ್ನು ಕೂರಿಸಿದರು. ಕೃಪಾ ಕನ್ನಡಿ ನೋಡಿಕೊಂಡು, ಎಡಕ್ಕೆ ಬಲಕ್ಕೆ ತಿರುಗಿ, ಸರಿ ಇದೆ ಎಂದಳು. ಅಷ್ಟೇ. ಹರಿಪ್ರಸಾದ ಕಣ್ಣೀರನ್ನು ನಿರೀಕ್ಷಿಸಿದ್ದ; ಎರಡೂ ಕಣ್ಣು ಒಣಗಿಯೇ ಇದ್ದವು. ಅವನು ಮನಸ್ಸು ತಡೆಯದೆ ಸೋಮವಾರವೂ ಸೂರತ್ತಿನಲ್ಲೇ ಉಳಿದ. ಸಂಜೆ ಕಾರ್ಖಾನೆ ಬಿಡುವ ಹೊತ್ತಿಗೆ ಎದುರಿನ ಚಹಾದಂಗಡಿಯಲ್ಲಿ ಕಾದು ನಿಂತ.

ಅವಳು ಜನರ ನಡುವೆ ಬಂದಳು. ಬೀದಿಗಿಳಿದರೆ ಯಾವಾಗಲೂ ಹಾಕಿಕೊಳ್ಳುತ್ತಿದ್ದ ಕಪ್ಪು ಕನ್ನಡಕವಿರಲಿಲ್ಲ. ಬೆಳಿಗ್ಗೆ ತಾನೇ ಚಾಪೆಯನ್ನು ಬಾಗಿಲ ಕಡೆ ತಿರುಗಿಸಿಕೊಂಡು ಕೂತೆ ಎಂದಳು. ಜನ ಏನೆಂದರು ಎಂದು ಅವನು ಕೇಳಿದ.

"ಯಾರೂ ಏನೂ ಅನ್ನಲಿಲ್ಲ. ಯಾರಿಗೂ ಗೊತ್ತೇ ಆಗಲಿಲ್ಲ. ಮಧ್ಯಾಹ್ನ ಒಂದು ಪೊಟ್ಟಣ ಅದಲುಬದಲಾಯಿತು. ಶೇಠ್ ಬೈದರು. ಇಷ್ಟು ದಿನ ಗೋಡೆ ನೋಡಿಕೊಂಡು ಬೈಯುತ್ತಿದ್ದರು, ಹರಿಭಾಯ್. ಇವತ್ತು ನನ್ನ ಮುಖ ನೋಡಿ ಬೈದರು."

ಇಷ್ಟು ಹೇಳಿ ಮುಖ ಆಚೆ ತಿರುಗಿಸಿದಳು. ಚಹಾ ಬೇಡವೆಂದು ತಲೆಯಾಡಿಸಿ ಬೇಗ ಬೇಗ ಹೊರಟುಹೋದಳು.

ಹರಿಪ್ರಸಾದ ರೈಲು ಹತ್ತಿದ. ಭರೂಚ್ ದಾಟುವಾಗ ಲೆಕ್ಕ ಹಾಕಿದ. ನಾಲ್ಕು ಜನ ನಿಂತು ನೋಡಲಿ ಎಂದು ಅರ್ಧ ಆಯುಷ್ಯ ಚಿತ್ರ ಬರೆದದ್ದಾಯಿತು. ಜನ ಕೈತೊಳೆಯಲು ಹೋದರು. ಈಗ ಒಂದು ಚೆನ್ನಾಗಿ ಬಂದಿದೆ, ಅದು ಚೆನ್ನಾಗಿ ಬಂದಿದೆ ಅನ್ನುವುದಕ್ಕೆ ಗುರುತೇ ಯಾರೂ ಅದನ್ನು ನೋಡದಿರುವುದು. ಅವನಿಗೆ ನಗು ಬಂತು. ನಗುತ್ತ ನಗುತ್ತ ಕಣ್ಣು ತುಂಬಿದವು. ಎದುರಿಗಿದ್ದ ಮುದುಕಿ ಇವನಿಗೆ ಏನೋ ದೊಡ್ಡ ಕಷ್ಟ ಬಂದಿದೆಯೆಂದು ತಿಳಿದು ಒಂದು ಹಿಡಿ ಕಡಲೆಕಾಯಿ ಕೊಟ್ಟಳು. ಅವನು ಅದನ್ನೂ ತಿಂದ.

ಮರುವರ್ಷ ನರೋಡಾದ ಕೆಲಸ ಬಿಟ್ಟು ವಡೋದರಾಕ್ಕೆ ಬಂದ. ಆಸ್ಪತ್ರೆಯ ಹಿಂಭಾಗದಲ್ಲಿ, ಮಂದಾಕಿನಿಯವರ ಕೋಣೆಯ ಪಕ್ಕ, ಒಂದು ಕಿಟಕಿ ಮತ್ತು ಒಂದು ಟ್ಯೂಬ್‌ಲೈಟು ಇರುವ ಜಾಗ ಕೊಟ್ಟರು. ದಾಮೋದರ ರಾಯರು ಬಂದು ನೋಡಿ, ತಟ್ಟೆಯಲ್ಲಿ ಸಾಲಾಗಿ ತಮ್ಮನ್ನೇ ನೋಡುತ್ತಿದ್ದ ಕಣ್ಣುಗಳಿಂದ ಸ್ವಲ್ಪ ಹಿಂದೆ ಸರಿದು, ಒಳ್ಳೇದಾಯ್ತು ಎಂದು ಹೇಳಿ ಹೋದರು. ತಾಯಿ ಊರಲ್ಲೆಲ್ಲ ಮಗ ಕಣ್ಣಿನ ಡಾಕ್ಟರಾಗಿದ್ದಾನೆಂದು ಹೇಳಿಬಿಟ್ಟರು. ಪೊರೆ ತೆಗೆಸುವುದಕ್ಕೆ ಮಳೆಗಾಲ ಆದೀತೋ ಎಂದು ಕೇಳಿ ನೆಂಟರ ಫೋನು ಬರತೊಡಗಿತು. ಅವನು ಮೊದಮೊದಲು ತಿದ್ದುತ್ತಿದ್ದ. ಆಮೇಲೆ ಚಳಿಗಾಲವೇ ವಾಸಿ ಎನ್ನತೊಡಗಿದ.

ಒಂದು ದಿನ ಆಣಂದ್ ಊರಿನಿಂದ ನಿವೃತ್ತ ರೈಲ್ವೆ ಗಾರ್ಡ್ ಒಬ್ಬರು ಬಂದರು. ಅವರಿಗಾಗಿ ಬರೆದ ಕಣ್ಣನ್ನು ಅಂಗೈಯಲ್ಲಿಟ್ಟುಕೊಂಡು ನೋಡಿ, ಇದು ತುಂಬ ಚೆಂದ ಆಯಿತು, ನನ್ನ ಇನ್ನೊಂದು ಕಣ್ಣು ನಲವತ್ತು ವರ್ಷ ಇಂಜಿನ್ ಹೊಗೆ ಕುಡಿದದ್ದು, ಎರಡನ್ನೂ ಜೊತೆಗೆ ಇಟ್ಟುಕೊಂಡು ನಾನು ಹೇಗೆ ತಿರುಗಲಿ ಎಂದು ಸಂಕೋಚದಿಂದ ಕೇಳಿದರು.

ಹರಿಪ್ರಸಾದ ಅವರನ್ನು ಕಿಟಕಿಯ ಕಡೆ ತಿರುಗಿಸಿ ಕೂರಿಸಿ, ಹಳದಿಯ ಸೀಸೆಯ ಮುಚ್ಚಳ ಬಿಚ್ಚಿದ.