ಇಳಿದು ನೋಡುವ ಡ್ರೈವರ್

ರಜನಿ ಜೀಪಿನ ಹಿಂದಿನ ಸೀಟಿನ ಬೋಲ್ಟು ಬಿಚ್ಚುತ್ತಿದ್ದಳು. ಮೂರು ಸಲೀಸಾಗಿ ಬಂದಿದ್ದವು. ನಾಲ್ಕನೆಯದು ತುಕ್ಕು ಹಿಡಿದಿತ್ತು. ಸ್ಪ್ಯಾನರಿನ ಮೇಲೆ ಮೈಭಾರವನ್ನೆಲ್ಲ ಹಾಕಿ ಒತ್ತಿದಾಗ ಕಿರ್ರೆಂದು ತಿರುಗಿತು. ಸೀಟು ತೆಗೆಯದೆ ಅಪ್ಪನನ್ನು ಉದ್ದಕ್ಕೆ ಮಲಗಿಸಲು ಆಗುತ್ತಿರಲಿಲ್ಲ. ಸ್ಮಶಾನ ಹಳ್ಳದಾಚೆ ಎರಡು ಮೈಲಿ ದೂರ. ಮಾವನ ಮಗ ಲಿಖಿತ್ ಬಂದ. ಅವಳ ಮುಖ ನೋಡಿ, ಸೀಟಿನ ಇನ್ನೊಂದು ತುದಿ ಹಿಡಿದ. ಇಬ್ಬರೂ ಅದನ್ನು ಗೋಡೆಗೆ ಒರಗಿಸಿದರು.

ಕಣದಲ್ಲಿ ಒಣಗಲು ಹರಡಿದ್ದ ಕಾಫಿಯನ್ನು ಒಂದು ಮೂಲೆಗೆ ಎಳೆದು, ಅಪ್ಪ ಗುರುವಯ್ಯನನ್ನು ಚಾಪೆಯ ಮೇಲೆ ಮಲಗಿಸಿದ್ದರು. ನಿನ್ನೆ ಸಂಜೆ ಎದೆ ಹಿಡಿದುಕೊಂಡು ಕೂತವನು ಮತ್ತೆ ಎದ್ದಿರಲಿಲ್ಲ. ತಲೆಯ ಹತ್ತಿರ ಹೆಂಡತಿ ದ್ಯಾವಮ್ಮ ಕೂತಿದ್ದಳು. ಅತ್ತು ಅತ್ತು ಅವಳಿಗೆ ದನಿಯೇ ಉಳಿದಿರಲಿಲ್ಲ.

ಜಗಲಿಯ ಬೆಂಚಿನ ಮೇಲೆ ಊರಿನವರಿದ್ದರು.

"ಮಿಲಿಟರಿಲಿ ಲಾರಿ ಓಡ್ಸಿದ್ರು ಅಂದ್ರೆ ಯಾರು ನಂಬ್ತಾರೆ? ಅವ್ರ ಜೀಪು ಹತ್ತಿದ್ರೆ ಮದುವೆಗೆ ಹೊರಟೋರು ಸೀಮಂತಕ್ಕೆ ಮುಟ್ತಿದ್ರು" ಎಂದ ಪಕ್ಕದ ತೋಟದ ಮಂಜಯ್ಯ.

"ಹೊರಡೋದೇ ತಡ ಅಲ್ವಾ ಮಾರಾಯ" ಎಂದಳು ಅವನ ಹೆಂಡತಿ ಶಾಲಿನಿ. "ಪ್ರತಿ ಸಲ ಇಳೀಬೇಕು, ಸುತ್ತು ಬರಬೇಕು, ಗಾಡಿ ಅಡಿಗೆ ಬಗ್ಗಿ ನೋಡ್ಬೇಕು. ಕೊಟ್ಟಿಗೆಹಾರದಲ್ಲಿ ಒಂದ್ಸಲ ನನ್ನ ಬಸ್ಸೇ ತಪ್ಪೋಯ್ತು."

"ಏನೇ ಹೇಳು, ಇಪ್ಪತ್ತು ವರ್ಷದಲ್ಲಿ ಒಂದು ಕೋಳಿಮರೀನೂ ಸಾಯಿಸ್ಲಿಲ್ಲ, ಪುಣ್ಯಾತ್ಮ" ಎಂದ ಮಂಜಯ್ಯ.

ಮೆಟ್ಟಿಲ ಹತ್ತಿರ ವಯಸ್ಸಾದವರೊಬ್ಬರು ಚೀಲ ಹಿಡಿದು ನಿಂತು ಇದನ್ನೆಲ್ಲ ಕೇಳುತ್ತಿದ್ದರು. ಸಾವಿನ ಮನೆಯಲ್ಲಿ ಒಲೆ ಹೊತ್ತಿರಲಿಲ್ಲ. ಶಾಲಿನಿ ಫ್ಲಾಸ್ಕಿನಲ್ಲಿ ತಂದಿದ್ದ ಕಾಫಿಯನ್ನು ರಜನಿ ಅವರಿಗೆ ಕೊಟ್ಟಳು.

"ನಾನು ದಾಸಯ್ಯ. ತರೀಕೆರೆಯಿಂದ ಬಂದೆ" ಎಂದರು. "ನಿಮ್ಮಪ್ಪನೂ ನಾನೂ ಒಂದೇ ಯೂನಿಟ್ಟು. ವಾಟ್ಸಾಪ್ ಗ್ರೂಪಲ್ಲಿ ಫೋಟೋ ಹಾಕಿದ್ರು. ಮೊದಲ್ನೇ ಬಸ್ಸಿಗೆ ಹತ್ತಿದೆ." ಲೋಟವನ್ನು ಬಾಯಿಗೆ ಇಡಲಿಲ್ಲ. "ಅವ್ರು ಹೇಳ್ತಿರೋದು ನಿಜನಾ? ದಿನಾ ಬಗ್ಗಿ ನೋಡ್ತಿದ್ನಾ?"

"ಪ್ರತಿ ಸಲ."

ದಾಸಯ್ಯ ಬೆಂಚಿನ ಕಡೆ ನೋಡಿ ದನಿ ತಗ್ಗಿಸಿದರು. "ಆ ಮಗು ವಿಷಯ ಏನಾದ್ರೂ ಹೇಳಿದ್ನೇನಮ್ಮ?"

*

ಆಗ ರಜನಿಗೆ ಹದಿನೈದು. ಶಾಲೆ ಬಿಟ್ಟ ವರ್ಷ. ಭಾನುವಾರಗಳಲ್ಲಿ ಅಪ್ಪನ ಜೊತೆ ಹಳ್ಳಕ್ಕೆ ಹೋಗಿ ಜೀಪು ತೊಳೆಯುತ್ತಿದ್ದಳು.

"ಕೆಲಸದ ಹೆಂಗಸ್ರೆಲ್ಲ ನಗ್ತಾರೆ ಅಪ್ಪ. ಯಾಕೆ ಹಂಗೆ ಬಗ್ಗಿ ನೋಡ್ತೀಯ?"

ಅವನು ಚಕ್ರ ಒರೆಸುತ್ತಲೇ ಇದ್ದ. ಆಮೇಲೆ ಚಕ್ರಕ್ಕೇ ಹೇಳುವಂತೆ ಹೇಳಿದ.

"ಯುದ್ಧದ ವರ್ಷ. ಗಡಿ ರಸ್ತೆ. ಮುಂದೆ ಮೂವತ್ತು ಲಾರಿ, ಹಿಂದೆ ಮೂವತ್ತು. ಊರೊಳಗೆ ನಿಲ್ಲಿಸೋ ಹಂಗಿಲ್ಲ. ಒಂದು ನಿಂತ್ರೆ ಎಲ್ಲಾ ನಿಲ್ತಾವೆ, ಮೇಲಿಂದ ಗುಂಡು ಬೀಳುತ್ತೆ. ಒಂದು ಮಗು ಆಡಿನ ಹಿಂದೆ ಓಡಿ ಬಂತು."

ಬಟ್ಟೆ ಹಿಂಡಿದ.

"ಸ್ಟಿಯರಿಂಗಲ್ಲಿ ಗೊತ್ತಾಯ್ತು. ಸಣ್ಣ ಗುಂಡಿಗೆ ಇಳಿದು ಹತ್ತಿದಂಗೆ. ಅಷ್ಟೇ."

"ನಿನ್ ಜೊತೆ ಯಾರೂ ಇರ್ಲಿಲ್ವಾ?"

"ಇಲ್ಲ. ಒಬ್ನೇ ಇದ್ದೆ. ಇಳಿದು ನೋಡ್ಲಿಲ್ಲ. ನಿಮ್ಮಮ್ಮಂಗೆ ಹೇಳ್ಬೇಡ."

ಒರೆಸಿದ ಚಕ್ರಕ್ಕೇ ಮತ್ತೆ ನೀರು ಹಾಕಿದ. ಅಂದಿನಿಂದ ಅವನು ಬಗ್ಗಿ ನೋಡುವಾಗ ಜೀಪಿನಲ್ಲಿ ಯಾರಾದರೂ ಗೊಣಗಿದರೆ, ಯಾರ ಜೊತೆಯೂ ಮಾತಾಡದ ಹುಡುಗಿ "ಸ್ವಲ್ಪ ಇರಿ" ಅನ್ನುತ್ತಿದ್ದಳು.

*

"ಒಬ್ನೇ ಇದ್ದೆ ಅಂದ್ನಾ?" ರಜನಿ ಹೇಳಿ ಮುಗಿಸಿದ ಮೇಲೆ ದಾಸಯ್ಯ ಕೇಳಿದರು.

"ಹೂಂ."

"ನನ್ನ ಹೆಸರು?"

"ಯಾರ ಹೆಸರೂ ಹೇಳ್ಲಿಲ್ಲ."

ದಾಸಯ್ಯ ಮೆಟ್ಟಿಲ ಮೇಲೆ ಕೂತರು. ಲೋಟದಿಂದ ಕಾಫಿ ಚೆಲ್ಲಿ ಪ್ಯಾಂಟಿನ ಮೇಲೆ ಬಿತ್ತು. ಒರೆಸಿಕೊಳ್ಳಲಿಲ್ಲ.

"ಪಕ್ಕದ ಸೀಟಲ್ಲಿ ನಾನಿದ್ದೆ ಕಣಮ್ಮ. ಅವನಿಗಿಂತ ಸೀನಿಯರ್ರು. ಅವನ ಕಾಲು ಆಗ್ಲೇ ಬ್ರೇಕ್ ಮೇಲಿತ್ತು. ನಡಿ, ನಿಲ್ಲಿಸ್ಬೇಡ ಅಂತ ತೊಡೆಗೆ ಗುದ್ದಿದ್ದು ನಾನು."

ರಜನಿ ಅವರ ಕೈಯಿಂದ ಲೋಟ ತೆಗೆದುಕೊಂಡಳು.

"ರೂಲು ಅಂದ್ರೆ ರೂಲು ಅಂತ ಹೇಳ್ಕೊಂಡೆ. ಹಂಗೆ ಹೇಳ್ಕೊಂಡು ಚೆನ್ನಾಗೇ ಮಲಗಿದೆ. ಮಕ್ಕಳ ಮದುವೆ ಮಾಡ್ದೆ. ಅವನೂ ಹಂಗೇ ಇದಾನೆ ಅಂದ್ಕೊಂಡಿದ್ದೆ. ನಾನು ಒಂದು ಫೋನೂ ಮಾಡ್ಲಿಲ್ಲ." ಅವರು ಬೆಂಚಿನ ಕಡೆ ಕೈ ತೋರಿಸಿದರು. "ಅವ್ರೆಲ್ಲ ನಗ್ತಾ ಇದಾರೆ. ಹೋಗಿ ಹೇಳ್ಲಾ ಅವ್ರಿಗೆ?"

ರಜನಿ ಅಮ್ಮನನ್ನು ನೋಡಿದಳು. ದ್ಯಾವಮ್ಮ ಗಂಡನ ಅಂಗಿಯ ಕಾಲರು ಸರಿ ಮಾಡುತ್ತಿದ್ದಳು.

"ಬೇಡ" ಎಂದಳು. "ಹೇಳೋದಿದ್ರೆ ಅಪ್ಪಂಗೇ ಹೇಳಿ."

ಹೊತ್ತಾಯಿತೆಂದು ಮಂಜಯ್ಯ ಎಲ್ಲರನ್ನೂ ಎಬ್ಬಿಸಿದ. ಬಾಯಿಗೆ ಅಕ್ಕಿ ಹಾಕಲು ನೆಂಟರು ಸಾಲಾಗಿ ಬಂದರು. ರಜನಿ ಅಕ್ಕಿಯ ತಟ್ಟೆ ಹಿಡಿದು ಪಕ್ಕದಲ್ಲೇ ನಿಂತಳು. ಒಬ್ಬೊಬ್ಬರೂ ನಾಲ್ಕು ಕಾಳು ಹಾಕಿ, ತುಳಸಿಯಿಂದ ನೀರು ಬಿಟ್ಟು ಸರಿದರು.

ಕೊನೆಗೆ ದಾಸಯ್ಯ ಬಂದರು. ಮಂಡಿ ಊರಲು ಕಷ್ಟವಾಯಿತು. ಅಕ್ಕಿ ಗುರುವಯ್ಯನ ಗಲ್ಲದ ಮೇಲೆ ಚೆಲ್ಲಿತು. ಅವರು ಕಾಳು ಕಾಳನ್ನೇ ಆರಿಸಿ ತುಟಿಯ ನಡುವೆ ಇಟ್ಟರು. ಹಿಂದೆ ನಾಲ್ವರು ಎತ್ತಲು ತಯಾರಾಗಿ ನಿಂತಿದ್ದರು. ದಾಸಯ್ಯ ಏಳಲಿಲ್ಲ. ಕಿವಿಯ ಹತ್ತಿರ ಬಗ್ಗಿದರು.

"ಗುರುವಯ್ಯ, ಆ ಮಗು ಸಿಕ್ಕಿದ್ರೆ ಒಬ್ನೇ ಇದ್ದೆ ಅನ್ಬೇಡ. ನಾನೂ ಇದ್ದೆ ಅಂತ ಹೇಳು ಮಾರಾಯ."