ಕಣ್ಣ ಮುಚ್ಚಬ್ಯಾಡ್ರಿ

“ಗದ್ದ ಒಂಚೂರು ಮ್ಯಾಲೆತ್ತರಿ,” ಎಂದ ಹೇಮಂತ, ಮೊಬೈಲ್ ಹಿಡಿದುಕೊಂಡು.

ಕುಬೇರಪ್ಪನನ್ನು ಪಡಸಾಲೆಯ ಗೋಡೆಗೆ ಆನಿಸಿ ಕೂಡಿಸಿದ್ದರು. ಹಣೆಗೆ ವಿಭೂತಿ, ಕೊರಳಿಗೆ ಚೆಂಡುಹೂವಿನ ಮಾಲೆ. ತಲೆ ವಾಲದಂತೆ ಬಿಳಿ ಪಟ್ಟಿ ಸುತ್ತಿ ಗೂಟಕ್ಕೆ ಕಟ್ಟಿದ್ದರು. ನಿನ್ನೆಯವರೆಗೆ ಆ ಗೂಟಕ್ಕೆ ಅವನ ಕ್ಯಾಮೆರಾ ತೂಗುತ್ತಿತ್ತು. ಅಬ್ದುಲಮಜೀದ ಬಾಗಿ ಗೆಳೆಯನ ಗದ್ದ ಎತ್ತಿದ. ಬೋಳಿಸದೆ ಉಳಿದ ಗಡ್ಡ ಬೆರಳಿಗೆ ಚುಚ್ಚಿತು.

“ಫೋಟೋ ಹೊಡಿಯೂಮುಂದ ಊರಿಗೆಲ್ಲ ಕಣ್ಣ ಮುಚ್ಚಬ್ಯಾಡ್ರಿ ಅಂತಿದ್ದ. ಈಗ ಇವಗ ಹೇಳಾವ್ರು ಯಾರಪಾ?” ಎಂದ ಓಣಿಯ ಹಿರಿಯ ಸಿದ್ಧಾರೂಢ ಕಾಕಾ. ಯಾರೋ ನಕ್ಕರು, ನಗು ಹಾಗೇ ಅಳುವಾಯಿತು.

ಕುಬೇರಪ್ಪನ ಹೆಂಡತಿ ಸಾವಿತ್ರೆವ್ವ ಮಾತ್ರ ಬೆಳಗಿನಿಂದ ಅತ್ತಿರಲಿಲ್ಲ. “ಹೇಮಂತಾ, ಕಣ್ಣ ತಗದದ್ದು ಒಂದ ಫೋಟೋ ಬೇಕ ನನಗ. ಇದನ್ನ ಗ್ವಾಡಿಗೆ ಹಾಕ್ಕೊಂಡು ದಿನಾ ಹೆಣಾ ನೋಡ್ಲೇನು?”

“ಮನ್ಯಾಗ ಒಂದೂ ಇಲ್ಲೇನ್ ಅತ್ತಿ?”

“ಮದಿವಿ ಫೋಟೋದಾಗೂ ಮುಚ್ಯಾರ. ಆಧಾರ ಕಾರ್ಡಿನ್ಯಾಗಂತೂ ಈಗಿನಕಿಂತಾ ಹೆಚ್ಚ ಸತ್ತಂಗ ಕಾಣತಾರ.”

ನಿಜ. ಬೇರೆಯವರ ಕೈಯಲ್ಲಿ ಕ್ಯಾಮೆರಾ ಕಂಡರೆ ಸಾಕು, ಕುಬೇರಪ್ಪನ ರೆಪ್ಪೆ ತಾನಾಗಿ ಇಳಿಯುತ್ತಿತ್ತು.

ಹೇಮಂತ ಅವಳ ಅಣ್ಣನ ಮಗ, ಬ್ಯಾನರ್ ಅಂಗಡಿಯವನು. ಲ್ಯಾಪ್‌ಟಾಪ್ ಜೊತೆಗೇ ತಂದಿದ್ದ. “ಹಂಗಾದ್ರ ಕಣ್ಣ ಹಚ್ಚೂಣು ಬಿಡು. ಮಾಮಾನ ಕಲಿಸ್ಯಾರ ನನಗ. ಯಾರದರೆ ಕಣ್ಣ ತಗೊಂಡು—”

“ಯಾರದರೆ? ನನ್ನ ಗಂಡನ ಮಾರಿಯೊಳಗಿಂದ ಮಂದಿ ನನ್ನ ನೋಡಬೇಕೇನು?”

ಮಜೀದನ ಕೈ ಇನ್ನೂ ಗದ್ದದ ಕೆಳಗೇ ಇತ್ತು.

*

ಅಡತಿ ಅಂಗಡಿಯ ಗುಮಾಸ್ತಿಕೆಗೆ ರಜೆ ಸಿಕ್ಕರೆ ಕುಬೇರಪ್ಪ ಮಜೀದನ ಮೊಪೆಡ್ ಹತ್ತುತ್ತಿದ್ದ. ಕುಬಿಹಾಳ, ಬಮ್ಮಿಗಟ್ಟಿ, ಒಮ್ಮೊಮ್ಮೆ ಬಾದಾಮಿ. ಹೋದ ಕೂಡಲೇ ಕ್ಯಾಮೆರಾ ತೆಗೆಯುತ್ತಿರಲಿಲ್ಲ. ಚಹಾದಂಗಡಿಯ ಬಾಕಿನ ಮೇಲೆ ಕೂತುಬಿಡುತ್ತಿದ್ದ.

“ನಾವ್ ಬಂದೀವಿ ಅನ್ನೂದನ್ನ ಊರು ಮರೀಬೇಕಲೇ ಮಜೀದಾ. ಮರ್ತ ಮ್ಯಾಲ ಅದರ ಖರೇ ಮಾರಿ ಕಾಣತೈತಿ.”

ಫೋಟೋ ಇಲ್ಲದೆ ಸತ್ತವರ ಮನೆಯಿಂದಲೂ ಅವನಿಗೆ ಕರೆ ಬರುತ್ತಿತ್ತು. ಹೆಣದ ಫೋಟೋ ಹೊಡೆದು, ಕಂಪ್ಯೂಟರಿನಲ್ಲಿ ಕಣ್ಣು ತೆರೆಸಿ, ಚೌಕಟ್ಟು ಹಾಕಿಸಿ ಕೊಡುತ್ತಿದ್ದ. ಮಜೀದನ ತಾಯಿ ಖಾದರಬಿ ತೀರಿಕೊಂಡಾಗಲೂ ಕೊಟ್ಟ. ನೋಡಿ ಮಜೀದ ಬೆಚ್ಚಿದ. ತಾಯಿಯ ಎಡಗಣ್ಣಿನ ಬಿಳಿಯಲ್ಲಿ ಒಂದು ಕಂದು ಚುಕ್ಕೆ.

“ಲೇ, ಇದು ನಿನ್ನ ಕಣ್ಣು!”

“ಮತ್ತ? ಮಂದಿ ಕಣ್ಣ ಕೇಳದ ತಗೊಳ್ಳಾಕ ಬರತೈತೇನು? ಕನ್ನಡಿ ಮುಂದ ಕುಂತು ಹೊಡ್ಕೊಂಡೀನಿ. ಸತ್ತಾವ್ರಿಗೆಲ್ಲಾ ಇವನ್ನ ಹಚ್ಚೀನಿ. ಯಾರ ಮುಂದೂ ಬಾಯಿ ಬಿಡಬ್ಯಾಡ ಮತ್ತ.”

ಕೆಲವು ದಿನ ಮಜೀದ ಆ ಫೋಟೋವನ್ನು ಗೋಡೆಯ ಕಡೆ ಮುಖ ಮಾಡಿ ಇಟ್ಟ. ಆಮೇಲೆ ಆ ಕಣ್ಣೇ ತಾಯಿಯ ಕಣ್ಣಾಯಿತು. ಮೊದಲಿನದು ಹೇಗಿತ್ತೆಂದು ಎಷ್ಟು ನೆನೆದರೂ ಬರಲಿಲ್ಲ.

*

“ವೈನಿ,” ಎಂದ ಮಜೀದ, “ಅವನ ಕಣ್ಣ ಅದಾವ.”

ಕುಬೇರಪ್ಪನ ಕಂಪ್ಯೂಟರ್ ಹೋದ ಮಳೆಗಾಲದ ಸಿಡಿಲಿಗೆ ಸುಟ್ಟಿತ್ತು. ಮಜೀದ ಮನೆಗೆ ಹೋಗಿ ಖಾದರಬಿಯ ಚೌಕಟ್ಟನ್ನೇ ಬಗಲಲ್ಲಿ ಇಟ್ಟುಕೊಂಡು ಬಂದ. ಸಾವಿತ್ರೆವ್ವ ಸೆರಗಿನಿಂದ ಗಾಜು ಒರೆಸಿದಳು. ಚುಕ್ಕೆಯ ಮೇಲೆ ಅವಳ ಬೆರಳು ನಿಂತಿತು.

“ಅಯ್ಯ, ಇವು ಇವರ ಕಣ್ಣು!”

ಬಾಜೂಮನೆಯ ಮಲ್ಲಮ್ಮ ಹೆಗಲ ಮೇಲಿಂದ ಇಣುಕಿದಳು. “ಈ ಕಣ್ಣ ನಮ್ಮತ್ತಿವಲ್ರಿ?”

“ನಮ್ಮಪ್ಪಂದೂ ಹಿಂಗ...” ಎಂದ ಸಿದ್ಧಾರೂಢ ಕಾಕಾ ಅರ್ಧಕ್ಕೇ ನಿಂತ. ಎಲ್ಲರೂ ಕುಬೇರಪ್ಪನ ಮುಚ್ಚಿದ ಕಣ್ಣು ನೋಡಿದರು.

“ಅತ್ತಿ ಫೋಟೋಕ್ಕ ನಾ ದಿನಾ ದೀಪಾ ಹಚ್ಚಿ ಕೈ ಮುಗೀತಿದ್ನೆಲ್ಲೋ ಮಜೀದಾ,” ಎಂದಳು ಮಲ್ಲಮ್ಮ. “ಯಾರಿಗೆ ಮುಗದ್ನಿ?” ಸರಸರನೆ ತನ್ನ ಮನೆಗೆ ಹೋದಳು.

ಹೇಮಂತ ಚೌಕಟ್ಟಿನ ಫೋಟೋವನ್ನೂ ಮೊಬೈಲಿನಲ್ಲಿ ಹೊಡೆದು ಲ್ಯಾಪ್‌ಟಾಪಿಗೆ ಹಾಕಿದ. ಪರದೆಯ ಎಡಕ್ಕೆ ಖಾದರಬಿ, ಬಲಕ್ಕೆ ಕುಬೇರಪ್ಪ. ಕಣ್ಣುಗಳು ಎಡದಿಂದ ಬಲಕ್ಕೆ ಸರಿದವು. ಕುಬೇರಪ್ಪ ನೋಡಿದ. ಸಾವಿತ್ರೆವ್ವ ಆಗ ಬಾಯಿಬಿಟ್ಟು ಅತ್ತಳು. ಮಜೀದ ಎಡಕ್ಕೇ ನೋಡುತ್ತಿದ್ದ. ಪರದೆಯಲ್ಲಿ ತಾಯಿಯ ಮುಖದ ಮೇಲೆ ಎರಡು ಬಿಳಿ ತೂತುಗಳು ಉಳಿದಿದ್ದವು.

“ನಡೀರಿ, ಹೊತ್ತ ಮುಳುಗೂದ್ರಾಗ ಸುಡಗಾಡಿನ ಕುಣಿ ಮುಟ್ಟಬೇಕು,” ಎಂದ ಸಿದ್ಧಾರೂಢ ಕಾಕಾ. ಪಟ್ಟಿ ಬಿಚ್ಚಿದೊಡನೆ ಕುಬೇರಪ್ಪನ ತಲೆ ಎದೆಗೆ ಬಿತ್ತು.

ಕೂಡಿಸಿದ ಹೆಣ ಹೊತ್ತ ಬಿದಿರಿನ ವಿಮಾನ ನಾಲ್ವರ ಹೆಗಲ ಮೇಲೆ ಓಣಿಗಿಳಿಯಿತು. ಮಜೀದ ಚೌಕಟ್ಟನ್ನು ಗಾಜು ಒಳಗಾಗಿ ಎದೆಗೆ ಅವಚಿಕೊಂಡು ಹಿಂದೆ ನಡೆದ. ಮಲ್ಲಮ್ಮನ ಬಾಗಿಲು ತೆರೆದೇ ಇತ್ತು. ಒಳಗೆ ಗೋಡೆಯ ಮೇಲೆ ಅತ್ತೆಯ ಫೋಟೋ ಬೆನ್ನು ತೋರಿಸುತ್ತಿತ್ತು; ರಟ್ಟಿಗೆ ಜೇಡರಬಲೆ ಅಂಟಿತ್ತು.

ಮಜೀದ ಅದನ್ನು ನೋಡಿದ. ಎದೆಯಿಂದ ಚೌಕಟ್ಟು ತೆಗೆದು ಗಾಜು ಹೊರಗಾಗಿ ತಿರುಗಿಸಿದ. ಮುಂದೆ ಹೋಗುತ್ತಿದ್ದ ವಿಮಾನ ಆ ಕಣ್ಣುಗಳಿಗೆ ಸರಿಯಾಗಿ ಕಾಣುವಂತೆ ಎರಡೂ ಕೈಯಿಂದ ಎತ್ತಿ ಹಿಡಿದು ನಡೆದ.