ಬರಿಗಾಲಿನ ರೆಫರಿ

ದಾಫಿಂಕಾ ಮಾನೊಲೊವಾಳ ಮುಖಕ್ಕಿಂತ ಆಕೆಯ ಪಾದಗಳೇ ನಮ್ಮ ಸ್ಲಿವೆನ್ ಪಟ್ಟಣಕ್ಕೆ ಹೆಚ್ಚು ಪರಿಚಿತ. ಆಗಸ್ಟ್ ಕೊನೆಗೆ, ಮಾರುಕಟ್ಟೆಯಲ್ಲಿ ಪೀಚ್ ಹಣ್ಣು ರಾಶಿ ಬೀಳುವ ಹೊತ್ತಿಗೆ, ಗಂಡಸರದೂ ಹೆಂಗಸರದೂ ಒಟ್ಟಿಗೇ ನಡೆಯುವ ನಮ್ಮ ಟೆನಿಸ್ ಪಂದ್ಯಾವಳಿ ಶುರುವಾಗುತ್ತದೆ. ಹತ್ತಾರು ದೇಶಗಳ ವೃತ್ತಿಪರ ಆಟಗಾರರು ಬಂದಿಳಿಯುತ್ತಾರೆ. ಪ್ರತಿ ಬೆಳಿಗ್ಗೆ ಮೊದಲ ಪಂದ್ಯಕ್ಕೆ ಮುನ್ನ ಈ ಮುಖ್ಯ ರೆಫರಿ ಷೂ ಕಳಚಿ, ಕಾಲುಚೀಲಗಳನ್ನು ಅವುಗಳೊಳಗೆ ತುರುಕಿ, ನೀಲಿ ಬಣ್ಣದ ಗಟ್ಟಿ ಅಂಕಣದ ಮೇಲೆ ಬರಿಗಾಲಲ್ಲಿ ನಡೆಯುತ್ತಾಳೆ. ನಡೆಯುವುದು ಬಿಳಿ ಗೆರೆಗಳ ಮೇಲೆ ಮಾತ್ರ, ಎಡಗಾಲನ್ನು ಕೊಂಚ ಎಳೆಯುತ್ತ, ಪ್ರದಕ್ಷಿಣೆಗೆ ಹೊರಟವಳ ಹಾಗೆ. ಮಣ್ಣಿನ ಅಂಕಣವಾದರೆ ನೀರನ್ನು ಕುಡಿದು ಸುಮ್ಮನಾಗುತ್ತದೆ. ಗಟ್ಟಿ ಅಂಕಣ ಕುಡಿಯುವುದಿಲ್ಲ. ಬಳಿದ ಗೆರೆಯ ಮೇಲೆ ಒಂದಿಷ್ಟು ತೇವ ಉಳಿದರೂ ಸಾಕು, ಓಡಿಬಂದವರ ಕಾಲು ಅವರ ಮಾತು ಕೇಳುವುದಿಲ್ಲ. ಅಂಗಾಲಿಗೆ ತಣ್ಣಗೆ ತಗುಲಿದ ಕಡೆ ಆಕೆ ನಿಲ್ಲುತ್ತಾಳೆ, ಬಾಗುತ್ತಾಳೆ, ಕೋಟಿನ ಜೇಬಿನಿಂದ ಟವೆಲು ತೆಗೆಯುತ್ತಾಳೆ.

ಆ ಕೋಟಿನ ಬಗ್ಗೆ ಹೇಳದೆ ಮುಂದೆ ಹೋಗುವಂತಿಲ್ಲ. ಬೂದು ಬಣ್ಣದ ಮಳೆಕೋಟು. ಬಿಸಿಲಿಗೆ ಪೀಚ್ ಹಣ್ಣೇ ಬೇಯುವಂತಿದ್ದರೂ ಮೈಮೇಲಿಂದ ಇಳಿಯುವುದಿಲ್ಲ. ಎರಡೂ ಜೇಬುಗಳಲ್ಲಿ ಟವೆಲುಗಳು ಉಬ್ಬಿಕೊಂಡು, ಹಿಂದಿನಿಂದ ನೋಡಿದರೆ ಸಂತೆಯಿಂದ ಎರಡು ಕೋಳಿ ಕದ್ದು ತರುತ್ತಿರುವ ಹೆಂಗಸಿನಂತೆ ಕಾಣುತ್ತಾಳೆ. ಇನ್ನು ಆಕೆಯ ಬಾಯಲ್ಲಿ ಸದಾ ಇರುವ ಮಾತು ಒಂದೇ: ‘ಒಣಗ್ಲಿ.’ ಅದು ಅಂಕಣಕ್ಕೆ ಮಾತ್ರ ಅನ್ವಯಿಸುವ ಮಾತಲ್ಲ. ಗಂಡನನ್ನು ಬಿಟ್ಟೇ ಬಿಡುತ್ತೇನೆಂದು ಪಕ್ಕದ ಮನೆಯಾಕೆ ಅಳುತ್ತ ಬಂದರೆ, ಮುಂದೆ ಮೊಸರಿನ ಪಾನಕದ ಲೋಟ ಇಟ್ಟು, “ಒಣಗ್ಲಿ ಕಣೇ, ಆಮೇಲೆ ನೋಡೋಣ” ಎನ್ನುತ್ತಾಳೆ. ಆ ದಂಪತಿ ಈಗಲೂ ಒಟ್ಟಿಗಿದ್ದಾರೆ, ಈಗಲೂ ಜಗಳವಾಡುತ್ತಾರೆ. ಒಮ್ಮೆ ಆಳೆತ್ತರದ ಸ್ಪೇನಿನ ಆಟಗಾರನೊಬ್ಬ, ಅಂಕಣ ಚೆನ್ನಾಗಿಯೇ ಇದೆ, ಈ ಮುದುಕಿಯದು ಅತಿಯಾಯಿತು ಎಂದು ರೇಗಿದಾಗ, ಆಕೆ ಅವನ ಷೂಗಳತ್ತ ಬೆರಳು ತೋರಿಸಿದಳು. ಅವನು ನಗುತ್ತ ಬಿಚ್ಚಿದ. ಇಬ್ಬರೂ ಅಕ್ಕಪಕ್ಕದಲ್ಲಿ ಬರಿಗಾಲಲ್ಲಿ ಒಂದು ಸುತ್ತು ಬಂದರು. ಒಂದು ಮೂಲೆಯಲ್ಲಿ ಅಂಗಾಲಿಗೆ ತೇವ ತಗುಲಿ ಅವನ ನಗು ನಿಂತಿತು. ತಾನೇ ಒಂದು ಟವೆಲು ಕೇಳಿ ತೆಗೆದುಕೊಂಡ.

ಆದರೆ ದಾಫಿಂಕಾಳ ನಿಜವಾದ ಯುದ್ಧವಿದ್ದುದು ಮಳೆಯ ಜೊತೆಗಲ್ಲ, ನಮ್ಮೂರಿನ ಅಜ್ಜಿಯರ ಜೊತೆಗೆ. ಮನೆಯವರು ಯಾರೇ ಮುಖ್ಯ ಕೆಲಸಕ್ಕೆ ಹೊರಟರೂ ಅವರ ಮುಂದೆ ಹೊಸ್ತಿಲಿಗೆ ನೀರು ಚೆಲ್ಲುವುದು, ಅವರು ಅದನ್ನು ತುಳಿದು ಹೋಗುವುದು ನಮ್ಮಲ್ಲಿ ರೂಢಿ. ಹೋದ ಕೆಲಸ ನೀರಿನಂತೆ ಸರಾಗವಾಗಿ ಹರಿಯಲಿ ಎಂಬ ಹಾರೈಕೆ. ಪರೀಕ್ಷೆಗೆ ಚೆಲ್ಲುತ್ತಾರೆ, ಮದುವೆಗೆ ಚೆಲ್ಲುತ್ತಾರೆ, ಟೆನಿಸಿಗೆ ಬಿಡುತ್ತಾರೆಯೇ? ಊರಿನ ಆಟಗಾರ ಒಳಗೆ ಕಾಲಿಡುವಾಗ ಎಲ್ಲಿಂದಲೋ ಒಂದು ಬಾಟಲಿ ಬಾಯಿ ತೆರೆಯುತ್ತಿತ್ತು. ಕೊನೆಗೆ ಆಕೆ ಒಂದು ಕಟ್ಟಳೆ ಮಾಡಿದಳು: ಚೆಲ್ಲುವುದಿದ್ದರೆ ಹೊರಬಾಗಿಲಿನ ಲಿಂಡನ್ ಮರದ ಬುಡದಲ್ಲಿ ಚೆಲ್ಲಿ, ಆಟಗಾರ ಷೂ ಒರೆಸಿಕೊಂಡು ಒಳಗೆ ಬರಬೇಕು. “ಒರೆಸಿದ್ಮೇಲೆ ಅದೃಷ್ಟ ಎಲ್ಲಿರುತ್ತೇ, ನಿನ್ನ ಟವೆಲಲ್ಲಾ?” ಎಂದು ಅಜ್ಜಿಯರು ಗೊಣಗಿದರು.

ಈ ಹಠ ಎಲ್ಲಿಂದ ಬಂತೆಂದು ಊರಲ್ಲಿ ತಿಳಿದವನು ನಾನೊಬ್ಬನೇ ಎಂದುಕೊಂಡಿದ್ದೆ. ಈಗ ನಾನು ನಿವೃತ್ತ ಸಾಹಿತ್ಯದ ಮೇಷ್ಟ್ರು, ಪಂದ್ಯಾವಳಿಯಲ್ಲಿ ಮೈಕು ಹಿಡಿದು ಹೆಸರು ಕೂಗುವವನು. ಹರೆಯದಲ್ಲಿ ಮಿಶ್ರ ಡಬಲ್ಸ್‌ನಲ್ಲಿ ದಾಫಿಂಕಾಳ ಜೊತೆಗಾರ. ಆಗ ಆಕೆ ಓಡಿದರೆ ಚೆಂಡೇ ಹೆದರುತ್ತಿತ್ತು. ರಾಷ್ಟ್ರೀಯ ತಂಡದ ಆಯ್ಕೆಯ ದಿನ ಆಕೆಯ ತಾಯಿ ಪೆನಾ, ಅಂಕಣದ ಬಾಗಿಲಲ್ಲೇ ತಾಮ್ರದ ಹೂಜಿಯನ್ನು ತುಂಬು ಮನಸ್ಸಿನಿಂದ ಬರಿದು ಮಾಡಿದಳು. ಮಗಳು ನಗುತ್ತ ತುಳಿದು ಬಂದಳು. ಆಟ ಶುರುವಾದ ಸ್ವಲ್ಪಕ್ಕೇ ಬಿಳಿ ಗೆರೆಯ ಮೇಲೆ ಎಡ ಷೂ ಜಾರಿತು. ಮೊಣಕಾಲಿನ ಸದ್ದು ನನಗೆ ಕೇಳಿಸಿತು. ಗೆರೆಯ ಮೇಲೆ ಒದ್ದೆ ಹೆಜ್ಜೆಯ ಗುರುತನ್ನೂ ಕಂಡೆ. ಆಸ್ಪತ್ರೆಯಲ್ಲಿ ದಾಫಿಂಕಾ ನನ್ನ ಅಂಗಿಯ ಕಾಲರು ಹಿಡಿದೆಳೆದು ಹೇಳಿದ್ದು ಇಷ್ಟೇ: “ನಾನೇ ತಪ್ಪು ಹೆಜ್ಜೆ ಇಟ್ಟೆ. ಗೊತ್ತಾಯ್ತಾ? ಅಮ್ಮಂಗೆ ಬೇರೆ ಏನೂ ಗೊತ್ತಾಗ್ಬಾರ್ದು.” ಆಕೆ ಮತ್ತೆ ಆಡಲಿಲ್ಲ. ನಾನೂ ಬಾಯಿ ಬಿಡಲಿಲ್ಲ.

ಕಳೆದ ವರ್ಷ ಮೊದಲ ಬಾರಿಗೆ ನಮ್ಮೂರಿನ ಹುಡುಗಿ ಬಿಲ್ಯಾನಾ ಹೆಂಗಸರ ಫೈನಲ್ ತಲುಪಿದಳು. ಅಂದು ಮಧ್ಯಾಹ್ನ ಬೆಟ್ಟದ ಕಡೆಯಿಂದ ಒಂದು ಮಳೆ ಬಂದು ಹೋಯಿತು. ಹಿಂದೆಯೇ ಗಂಡಸರ ಫೈನಲ್ ಬೇರೆ ಕಾದಿತ್ತು. ಪಂದ್ಯಾವಳಿಯ ನಿರ್ದೇಶಕ ಕ್ರಾಸಿಮಿರ್ ಬೆವರು ಒರೆಸಿಕೊಳ್ಳುತ್ತ ಬಂದ.

“ಅಕ್ಕ, ಟೀವಿಯೋರು ಕಾಯ್ತಾ ಇದಾರೆ.”

“ಅವರೂ ಒಣಗ್ಲಿ.”

ಅಂತೂ ಗೆರೆಗಳೆಲ್ಲ ಒಣಗಿ, ಆಕೆ ಷೂ ಹಾಕಿಕೊಂಡು, ಆಟಗಾರ್ತಿಯರು ಒಳಬರಲೆಂದು ಕೈ ಬೀಸಿದಳು. ಬಿಲ್ಯಾನಾ ಬಾಗಿಲು ದಾಟುವಾಗ, ಪಕ್ಕದ ಸಾಲಿನಲ್ಲಿದ್ದ ಅವಳ ಅಜ್ಜಿ ಸ್ತೋಯ್ನಾ ಹೆಣಿಗೆಯ ಚೀಲದಿಂದ ಬಾಟಲಿ ತೆಗೆದು ಮೊಮ್ಮಗಳ ಕಾಲಬುಡಕ್ಕೇ ಸುರಿದುಬಿಟ್ಟಳು. ಜನ ಚಪ್ಪಾಳೆ ತಟ್ಟಿದರು. ಹುಡುಗಿ ಎರಡೂ ಪಾದ ಅದರಲ್ಲಿಟ್ಟು, ಅಜ್ಜಿಗೆ ಮುತ್ತು ತೂರಿ, ಅಂಕಣಕ್ಕೆ ಹೆಜ್ಜೆ ಹಾಕಿದಳು.

“ನಿಂತ್ಕೋ ಅಲ್ಲೇ,” ಎಂದಳು ದಾಫಿಂಕಾ.

ಆ ಮೊಣಕಾಲು ಮಡಚುವುದಿಲ್ಲವೆಂದು ನನಗೆ ಗೊತ್ತು. ಮೆಟ್ಟಿಲಿಳಿಯಲೂ ಕಂಬಿ ಬೇಕು. ಆದರೂ ಆಕೆ ಕುರ್ಚಿಯೊಂದನ್ನು ಹಿಡಿದು ಮೆಲ್ಲಗೆ ನೆಲಕ್ಕಿಳಿದಳು, ಹುಡುಗಿಯ ಒಂದೊಂದೇ ಪಾದವನ್ನು ತೊಡೆಯ ಮೇಲಿಟ್ಟುಕೊಂಡಳು, ಷೂವಿನ ಅಟ್ಟೆಯ ಗೀರುಗಳೊಳಗೆ ಬೆರಳಿನಿಂದ ಟವೆಲು ತೂರಿಸಿ ಒರೆಸಿದಳು. ಆಮೇಲೆ ಎದುರಾಳಿ ಪೋಲೆಂಡಿನ ಹುಡುಗಿಯನ್ನೂ ಕರೆದು, ಪಕ್ಷಪಾತವಾಗದಂತೆ, ಅವಳದನ್ನೂ ಒರೆಸಿದಳು. ಅಷ್ಟರಲ್ಲಿ ಜನ ಸಿಳ್ಳೆ ಹಾಕಿ ಛೀಮಾರಿ ಶುರುಮಾಡಿದ್ದರು.

“ಅದೃಷ್ಟ ಒರೆಸಿಬಿಟ್ಯಲ್ಲೇ, ನಿನ್ನ ಕೈ ಸೇದಿಹೋಗ,” ಎಂದಳು ಸ್ತೋಯ್ನಾ.

ಕ್ರಾಸಿಮಿರ್ ಬಾಗಿ, “ಯಾಕೆ ಅಂತ ಜನಕ್ಕೆ ಒಂದು ಮಾತು ಹೇಳಕ್ಕ, ಕಲ್ಲು ಹೊಡೆದಾರು,” ಎಂದು ಬೇಡಿಕೊಂಡ. ಆಕೆ ಒದ್ದೆ ಟವೆಲು ಮಡಚಿ ಜೇಬಿಗಿಟ್ಟಳು. ಮೈಕು ನನ್ನ ಕೈಯಲ್ಲಿತ್ತು. ಎರಡೇ ವಾಕ್ಯ ಸಾಕಿತ್ತು. ಒದ್ದೆ ಷೂ ಏನು ಮಾಡುತ್ತದೆ, ಯಾರಿಗೆ ಮಾಡಿದೆ ಎಂದರೆ ಇಡೀ ಊರು ತೆಪ್ಪಗಾಗುತ್ತಿತ್ತು. ಮೈಕನ್ನು ತುಟಿಗೆ ತಂದೂ ಬಿಟ್ಟೆ. ಆದರೆ ಸ್ತೋಯ್ನಾಳಿಂದ ನಾಲ್ಕು ಕುರ್ಚಿ ಆಚೆ, ಕಪ್ಪು ತಲೆವಸ್ತ್ರದಲ್ಲಿ ಪೆನಾ ಕೂತಿದ್ದಳು, ತೊಂಬತ್ತು ಸಮೀಪಿಸಿದ ಮುದುಕಿ. ಸೂರ್ಯಕಾಂತಿ ಬೀಜ ಬಿಡಿಸುವುದನ್ನು ನಿಲ್ಲಿಸಿ ಮಗಳನ್ನೇ ನೋಡುತ್ತಿದ್ದಳು. ನೆಲದ ಮೇಲೆ ಕೂತಲ್ಲಿಂದಲೇ ದಾಫಿಂಕಾ ನನ್ನತ್ತ ಗದ್ದವನ್ನು ಒಮ್ಮೆ ಮೇಲಕ್ಕೆತ್ತಿದಳು. ನಮ್ಮಲ್ಲಿ ಅದಕ್ಕೆ ‘ಬೇಡ’ ಎಂದರ್ಥ. ಅಂಕಣ ಸಿದ್ಧವಾಗಿದೆ, ಆಟ ಆರಂಭವಾಗುತ್ತದೆ ಎಂದಷ್ಟೇ ಕೂಗಿದೆ.

ಬಿಲ್ಯಾನಾ ಮೂರನೆಯ ಸೆಟ್‌ನಲ್ಲಿ ಸೋತಳು. ಎರಡನೆಯ ಸೆಟ್‌ನಲ್ಲೊಮ್ಮೆ ಅವಳು ಬಹು ದೂರದ ಚೆಂಡಿಗೆ ಓಡಿ, ಬಿಳಿ ಗೆರೆಯ ಮೇಲೆ ಇಡೀ ಮೈಭಾರವನ್ನು ಎಡಗಾಲಿಗೆ ಕೊಟ್ಟು, ಹಾಗೇ ನಿಂತಳು. ಷೂ ಕಚ್ಚಿ ಹಿಡಿಯಿತು. ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಗೆದ್ದಿದ್ದರೆ ಅದು ನೀರಿನ ಪುಣ್ಯ, ಸೋತದ್ದಕ್ಕೆ ಒರೆಸಿದವಳ ಪಾಪ. ರೊಟ್ಟಿ ಅಂಗಡಿಯಾಕೆ ವಾರಗಟ್ಟಲೆ ದಾಫಿಂಕಾಳನ್ನು ಮಾತಾಡಿಸಲಿಲ್ಲ. ನನಗೆ ತಡೆಯಲಾಗಲಿಲ್ಲ.

“ಒಂದೇ ಮಾತಲ್ಲಿ ಮುಗೀತಿತ್ತಲ್ಲೇ.”

“ಯಾರಿಗೆ ಮುಗೀತಿತ್ತು? ಅಮ್ಮ ಈ ವಯಸ್ಸಲ್ಲಿ ಅದನ್ನ ಹೊತ್ಕೊಂಡು ಮಲಗ್ಬೇಕಾ? ನಾಲ್ಕು ಜನ ಬೈದ್ರೆ ನನ್ನ ಗಂಟೇನು ಹೋಗುತ್ತೆ. ಒಣಗ್ಲಿ ಬಿಡು.”

ನವೆಂಬರಿನಲ್ಲಿ ಸೋಫಿಯಾದ ಆಸ್ಪತ್ರೆಯಲ್ಲಿ ಆಕೆಯ ಮೊಣಕಾಲಿಗೆ ಶಸ್ತ್ರಚಿಕಿತ್ಸೆ ನಿಗದಿಯಾಯಿತು. ಕರೆದೊಯ್ಯಲು ನನ್ನ ಕಾರು ತಂದಿದ್ದೆ. ಮನೆಯ ಹೊಸ್ತಿಲಲ್ಲಿ ಪೆನಾ ಅದೇ ತಾಮ್ರದ ಹೂಜಿ ಹಿಡಿದು ನಿಂತಿದ್ದಳು. ಚೆಲ್ಲಲು ಬಾಗಿದವಳು ತಡೆದು ನಿಂತಳು.

“ಷೂ ಬಿಚ್ಚು,” ಎಂದಳು. “ಬರಿಗಾಲಲ್ಲಿ ದಾಟು. ಒದ್ದೆ ಷೂ ಜಾರುತ್ತೆ.”

ದಾಫಿಂಕಾ ತಾಯಿಯ ಮುಖ ನೋಡುತ್ತ ನಿಂತೇಬಿಟ್ಟಳು. ಆಕೆಗೆ ಬಾಗಲಾಗುತ್ತಿರಲಿಲ್ಲ, ಮುದುಕಿಯೇ ಗೋಡೆ ಹಿಡಿದು ಕುಕ್ಕರಿಸಿ ಮಗಳ ಷೂವಿನ ದಾರ ಬಿಚ್ಚಿದಳು, ನೀರು ಚೆಲ್ಲಿದಳು. ಮಗಳು ಅದನ್ನು ತುಳಿದು ಈಚೆ ಬಂದ ಮೇಲೆ ಬೂದು ಕೋಟಿನ ಜೇಬಿಗೆ ತಾನೇ ಕೈಹಾಕಿ ಟವೆಲು ಎಳೆದು, ಎರಡೂ ಪಾದಗಳನ್ನು ಬೆರಳ ಸಂದಿನವರೆಗೆ ಒರೆಸಿದಳು. “ಒಣಗ್ತು, ಹಾಕ್ಕೋ,” ಎಂದಳು.

ಊರು ದಾಟಿದ ಮೇಲೆ ದಾಫಿಂಕಾ ಕೇಳಿದಳು: “ನೀನು ಹೇಳಿದ್ಯಾ?”

“ನಿನ್ನಾಣೆ ಇಲ್ಲ.”

ಆಕೆ ಕಿಟಕಿಯ ಕಡೆ ತಿರುಗಿ ಬಹಳ ಹೊತ್ತು ಅತ್ತಳು. ನನ್ನ ಕಣ್ಣೂ ತುಂಬಿತ್ತು. ಮುದುಕಿಗೆ ಮೊದಲ ದಿನದಿಂದಲೇ ಗೊತ್ತಿತ್ತೋ, ಅಂದು ಮಗಳು ನೆಲದ ಮೇಲೆ ಕೂತು ಅನ್ಯರ ಮಗುವಿನ ಷೂ ಒರೆಸಿದ್ದನ್ನು ಕಂಡು ಹೊಳೆಯಿತೋ, ನಾವಿಬ್ಬರೂ ಕೇಳಲಿಲ್ಲ. ಇನ್ನು ಕೇಳುವುದೂ ಇಲ್ಲ.

ಪ್ರೀತಿಯಿಂದ ನೀರು ಚೆಲ್ಲುವವರು ಎಲ್ಲ ಊರಿನಲ್ಲೂ ಬಹಳ ಮಂದಿ. ಚೆಲ್ಲಿದವರ ಮನಸ್ಸು ನೋಯದಂತೆ ಅದನ್ನು ಒರೆಸುವವರು ಎಲ್ಲೋ ಒಬ್ಬಿಬ್ಬರು. ಇಂಥವರಿಗೆ ಚಪ್ಪಾಳೆ ಬೀಳುವುದಿಲ್ಲ, ಏಕೆಂದರೆ ಅವರು ತಪ್ಪಿಸಿದ ಕೇಡು ನಡೆಯುವುದೇ ಇಲ್ಲ, ನಡೆಯದಿದ್ದುದನ್ನು ಯಾರು ನೋಡಿಯಾರು? ಜನರ ಬೈಗುಳವನ್ನು ಕೋಟಿನಂತೆ ಹೊದ್ದುಕೊಂಡು, ಗುಟ್ಟನ್ನು ತಾವೊಬ್ಬರೇ ಕಾಯುತ್ತಿದ್ದೇವೆಂದು ನಂಬಿ ಅವರು ಬದುಕುತ್ತಾರೆ. ಅದೇ ಗುಟ್ಟನ್ನು ಆಚೆ ಬದಿಯಿಂದ ಇನ್ನೊಬ್ಬರೂ ತಮಗಾಗಿ ಕಾಯುತ್ತಿದ್ದರೆಂಬುದು ಅವರಿಗೆ ತಿಳಿಯುವುದು, ತಿಳಿದರೆ, ಬಹಳ ತಡವಾಗಿ, ಯಾರೋ ಬಂದು ಅವರ ಪಾದ ಒರೆಸಿದಾಗ.